ಹೊಲದ ಮರ, ಸಾಮಿಲ್ಲಿನ ಅಳತೆ



ಒಂದು ಪಲ್ಲ ರಾಗಿಯನ್ನು ನಾವು ಅಳೆಯದೆ ಮಾರುವುದಿಲ್ಲ. ರೇಷ್ಮೆಗೂಡನ್ನು ಮಾರುಕಟ್ಟೆಗೆ ಒಯ್ದರೆ ತಕ್ಕಡಿಯ ಮೇಲೆ ಕಣ್ಣಿಟ್ಟು ನಿಲ್ಲುತ್ತೇವೆ. ಡೇರಿಗೆ ಹಾಲು ಹಾಕಿದರೆ ಡಿಗ್ರಿ ಎಷ್ಟು ಬಂತೆಂದು ಕೇಳಿ ಬರುತ್ತೇವೆ. ಆದರೆ 30 ವರ್ಷ ನಿಂತು ಬೆಳೆದ ಮಾವಿನ ಮರವನ್ನೋ, ಬದುವಿನ ಮೇಲಿನ ಬೇವಿನ ಮರವನ್ನೋ ಮಾರುವಾಗ ಮಾತ್ರ, ಕೊಳ್ಳಲು ಬಂದವರು ಮರವನ್ನು ಒಂದು ಸುತ್ತು ಹಾಕಿ ಹೇಳಿದ ಉಕ್ತೆ ಬೆಲೆಗೆ ತಲೆಯಾಡಿಸಿಬಿಡುತ್ತೇವೆ. ಹೀಗೆ ಮಾರುವ ಸಂದರ್ಭಗಳಾದರೂ ಎಂಥವು? ಮಗಳ ಮದುವೆ, ಆಸ್ಪತ್ರೆಯ ಖರ್ಚು, ಬತ್ತಿದ ಕೊಳವೆಬಾವಿಯ ಸಾಲ, ಮಕ್ಕಳ ಕಾಲೇಜಿನ ಶುಲ್ಕ. ಕೈಯಲ್ಲಿ ಹಣವಿಲ್ಲದ ಹೊತ್ತಿನಲ್ಲಿಯೇ ಮರ ಬೀಳುತ್ತದೆ. ಅವಸರದಲ್ಲಿ ಬಿದ್ದ ಮರಕ್ಕೆ ಅರ್ಧ ಬೆಲೆ.

ಆದುದರಿಂದ ಈ ಪಾಠದಲ್ಲಿ ನಮ್ಮ ಹೊಲದ ಮರ ಸಾಮಿಲ್ಲಿಗೆ ಹೋಗಿ ಹಲಗೆಯಾಗುವವರೆಗಿನ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ತಿಳಿಯೋಣ. ಇದರಲ್ಲಿ ಲೆಕ್ಕವೂ ಇದೆ, ಕಾನೂನೂ ಇದೆ, ಮರ ಬೆಳೆಸುವ ಕ್ರಮವೂ ಇದೆ. ಲೆಕ್ಕ ಕಷ್ಟದ್ದೇನಲ್ಲ. ಶಾಲೆಗೆ ಹೋಗುವ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿದರೆ ಇಬ್ಬರಿಗೂ ಪ್ರಯೋಜನ.

1. ನಮ್ಮ ನಾಲ್ಕು ತಾಲ್ಲೂಕುಗಳ ಮರ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆ 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಾಯಿತು. ಹೆಸರು ಏನೇ ಆದರೂ ನೆಲ ಅದೇ. ಬಂಡೆಗುಡ್ಡ, ಕೆಮ್ಮಣ್ಣು, ರಾಗಿಹೊಲ, ಹಿಪ್ಪುನೇರಳೆ, ಮಾವಿನ ತೋಪು, ತೆಂಗು. ಮಾಗಡಿಯ ಕಡೆ ಸಾವನದುರ್ಗದ ಕಾಡು, ಕನಕಪುರದ ದಕ್ಷಿಣಕ್ಕೆ 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮ, ರಾಮನಗರದ ಪಕ್ಕದಲ್ಲಿ ರಣಹದ್ದುಗಳಿಗಾಗಿ ಕಾಯ್ದಿಟ್ಟ ರಾಮದೇವರಬೆಟ್ಟ ಇವೆ. ಕಾಡಿನ ಮರ ಕಾಡಿನದೇ. ಅದು ಸಾಮಿಲ್ಲಿಗೆ ಬರತಕ್ಕದ್ದಲ್ಲ. ಸಾಮಿಲ್ಲಿನ ಅಂಗಳಕ್ಕೆ ನ್ಯಾಯವಾಗಿ ಬರಬೇಕಾದದ್ದು ರೈತನ ಹೊಲದ, ತೋಪಿನ, ಬದುವಿನ ಮರ.

ನಮ್ಮಲ್ಲಿ ಹೀಗೆ ಬರುವ ಮರಗಳು ಹಲವು. ವಯಸ್ಸಾಗಿ ಫಸಲು ಕಡಿಮೆಯಾದ ಮಾವು ಪೆಟ್ಟಿಗೆ, ಹಲಗೆ, ಪ್ಲೈವುಡ್ಡಿನ ಒಳಪದರಗಳಿಗೆ ಹೋಗುತ್ತದೆ. ಬೇವು, ಹಲಸು ಬಾಗಿಲು ಕಿಟಕಿಗಳಿಗೆ ಆಗುತ್ತವೆ. ಜಾಲಿ ಗಾಡಿಯ ಸಾಮಾನಿಗೂ ಉಪಕರಣದ ಹಿಡಿಗೂ ಹೆಸರಾದುದು. ತೇಗದ ವಿಷಯ ಹೇಳಬೇಕಾಗಿಲ್ಲ. ಸಿಲ್ವರ್ ಓಕ್ ಮತ್ತು ಹೆಬ್ಬೇವು ಈಚೆಗೆ ಪ್ಲೈವುಡ್ ಕಾರ್ಖಾನೆಗಳಿಗಾಗಿ ಬೆಳೆಯುವ ಮರಗಳು. ನೀಲಗಿರಿ ಒಂದು ಕಾಲಕ್ಕೆ ಎಲ್ಲೆಲ್ಲೂ ಹಬ್ಬಿತ್ತು. ಅಂತರ್ಜಲದ ಚಿಂತೆಯಿಂದ ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಕೊನೆಯದಾಗಿ ಚನ್ನಪಟ್ಟಣದ ಗೊಂಬೆಗೆ ಬೇಕಾದ ಆಲೆ ಮರ. ಅದರ ವಿಷಯವನ್ನು ಮುಂದೆ ಬೇರೆಯಾಗಿಯೇ ಹೇಳಿದೆ.

2. ಸಾಮಿಲ್ಲಿನಲ್ಲಿ ಏನಾಗುತ್ತದೆ?

ಹಿಂದೆ ಮರ ಕೊಯ್ಯುತ್ತಿದ್ದುದು ಗುಂಡಿಯ ಮೇಲೆ. ದಿಮ್ಮಿಯನ್ನು ಗುಂಡಿಗೆ ಅಡ್ಡಲಾಗಿ ಇಟ್ಟು, ಒಬ್ಬ ಮೇಲೆ ನಿಂತು ಮತ್ತೊಬ್ಬ ಕೆಳಗಿಳಿದು ಉದ್ದ ಗರಗಸವನ್ನು ಎಳೆಯುತ್ತಿದ್ದರು. ಕೆಳಗಿನವನ ಕಣ್ಣು ಮೂಗಿನ ತುಂಬ ಹೊಟ್ಟು. ಈಗ ಆ ಕೆಲಸವನ್ನು ಯಂತ್ರ ಮಾಡುತ್ತದೆ. ಯಂತ್ರದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಚಕ್ರದಂತೆ ತಿರುಗುವ ದುಂಡು ಗರಗಸ. ಇನ್ನೊಂದು, ಎರಡು ಗಾಲಿಗಳ ಮೇಲೆ ಪಟ್ಟಿಯಂತೆ ಓಡುವ ಪಟ್ಟಿ ಗರಗಸ, ಅಂದರೆ ಬ್ಯಾಂಡ್ ಸಾ.

ಇವೆರಡರ ವ್ಯತ್ಯಾಸ ರೈತನಿಗೇಕೆ ಬೇಕು ಎನ್ನಬಹುದು. ಮನೆ ಕಟ್ಟಲು ಸ್ವಂತ ಮರವನ್ನು ಕೊಯ್ಯಿಸುವವರಿಗೆ ಖಂಡಿತ ಬೇಕು. ಗರಗಸದ ಹಲ್ಲು ಹಾದುಹೋದಷ್ಟು ಮರ ಹೊಟ್ಟಾಗುತ್ತದೆ. ದುಂಡು ಗರಗಸದ ದಾರಿ 5 ಮಿಲಿಮೀಟರ್ ಅಗಲವಿದ್ದರೆ, ಐದು ಸಲ ಕೊಯ್ಯುವಷ್ಟರಲ್ಲಿ 25 ಮಿಲಿಮೀಟರ್, ಅಂದರೆ ಸುಮಾರು ಒಂದು ಅಂಗುಲದ ಹಲಗೆಯಷ್ಟು ಮರ ನೆಲಕ್ಕೆ ಉದುರಿರುತ್ತದೆ. ಪಟ್ಟಿ ಗರಗಸದ ದಾರಿ 2.5 ಮಿಲಿಮೀಟರ್ ಇದ್ದರೆ ಅಷ್ಟು ನಷ್ಟವಾಗಲು ಹತ್ತು ಕೊಯ್ತ ಬೇಕು. ಬೆಲೆಬಾಳುವ ತೇಗ, ಹಲಸು, ಬೇವನ್ನು ಕೊಯ್ಯಿಸುವಾಗ ಹತ್ತು ಮೈಲಿ ದೂರವಾದರೂ ಒಳ್ಳೆಯ ಪಟ್ಟಿ ಗರಗಸವಿರುವ ಕಡೆಗೆ ಒಯ್ಯುವುದರಲ್ಲಿ ಲಾಭವಿದೆ.

ದಿಮ್ಮಿ ಬಂದೊಡನೆ ಕೊಯ್ಯುವವನು ಅದನ್ನು ಹೊರಳಿಸಿ ನೋಡುತ್ತಾನೆ. ಅವನು ನೋಡುವುದು ಇವನ್ನು: ದಿಮ್ಮಿ ನೆಟ್ಟಗಿದೆಯೇ, ಗಂಟುಗಳೆಷ್ಟು, ತುದಿಯಲ್ಲಿ ಸೀಳಿದೆಯೇ, ಒಳಗೆ ಟೊಳ್ಳಿದೆಯೇ, ಚೇಗು ಎಷ್ಟಿದೆ. ಮರದ ನಡುವಿನ ಬಣ್ಣಗೂಡಿದ ಗಟ್ಟಿ ಭಾಗವೇ ಚೇಗು. ಹೊರಗಿನ ಬಿಳಿ ಭಾಗದಲ್ಲಿ ಸಿಹಿ ಮತ್ತು ಗಂಜಿಯ ಅಂಶ ಇರುವುದರಿಂದ ಹುಳು ಬೇಗ ಹತ್ತುತ್ತದೆ. ಮಾವಿನ ಹಲಗೆ ಕೆಲವೇ ತಿಂಗಳಲ್ಲಿ ಪುಡಿ ಉದುರಿಸುವುದು ಇದರಿಂದಲೇ.

ಇನ್ನೊಂದನ್ನು ಅವನು ಹೆದರಿಕೆಯಿಂದ ಹುಡುಕುತ್ತಾನೆ. ಅದು ಕಬ್ಬಿಣ. ಬದುವಿನ ಮರಕ್ಕೆ ನಾವು ಮುಳ್ಳುತಂತಿ ಬಿಗಿಯುತ್ತೇವೆ, ಫಲಕ ಹೊಡೆಯಲು ಮೊಳೆ ಹೊಡೆಯುತ್ತೇವೆ, ದನ ಕಟ್ಟಲು ಕೊಂಡಿ ಹಾಕುತ್ತೇವೆ. ಕೆಲವು ವರ್ಷಗಳಲ್ಲಿ ಮರ ಅದನ್ನು ನುಂಗಿ ತೊಗಟೆ ಮುಚ್ಚುತ್ತದೆ. ಓಡುತ್ತಿರುವ ಗರಗಸಕ್ಕೆ ಆ ಮೊಳೆ ಸಿಕ್ಕರೆ ಪಟ್ಟಿ ತುಂಡಾಗಿ ಹಾರಿ ಕೆಲಸಗಾರನ ಪ್ರಾಣಕ್ಕೇ ಅಪಾಯ. ಇದಕ್ಕಾಗಿಯೇ ಬೇಲಿಸಾಲಿನ ಮರಕ್ಕೆ ಕಡಿಮೆ ಬೆಲೆ ಹೇಳುವುದುಂಟು. ಆದುದರಿಂದ ಹಲಗೆಗಾಗಿ ಬೆಳೆಸುವ ಮರಕ್ಕೆ ಮೊಳೆ ಹೊಡೆಯಬೇಡಿ. ತಂತಿ ಬೇಕಾದರೆ ಕಲ್ಲುಕಂಬಕ್ಕೆ ಕಟ್ಟಿ. ಹಳೆಯ ಮೊಳೆ ಇರುವುದು ಗೊತ್ತಿದ್ದರೆ ದಿಮ್ಮಿಯ ಮೇಲೆ ಸುಣ್ಣದ ಗುರುತು ಹಾಕಿ ಮೊದಲೇ ಹೇಳಿಬಿಡಿ. ಅದು ಧರ್ಮವೂ ಹೌದು.

3. ಘನ ಅಡಿ ಎಂದರೇನು?

ಮರದ ವ್ಯಾಪಾರ ನಡೆಯುವುದು ಘನ ಅಡಿಯ ಲೆಕ್ಕದಲ್ಲಿ. ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಮರದ ತುಂಡು ಒಂದು ಘನ ಅಡಿ. ಒಂದು ಘನ ಮೀಟರಿಗೆ ಸುಮಾರು 35.3 ಘನ ಅಡಿ. ದುಂಡಗಿನ ದಿಮ್ಮಿಯಲ್ಲಿ ಎಷ್ಟು ಘನ ಅಡಿ ಇದೆ ಎಂದು ತಿಳಿಯಲು ಬಳಕೆಯಲ್ಲಿರುವುದು ಕಾಲು ಸುತ್ತಳತೆಯ ಲೆಕ್ಕ. ಇಂಗ್ಲೆಂಡಿನ ಎಡ್ವರ್ಡ್ ಹಾಪಸ್ ಎಂಬ ಅಳತೆಗಾರನು 1736ರಲ್ಲಿ ಈ ಲೆಕ್ಕದ ಕೋಷ್ಟಕಗಳನ್ನು ಅಚ್ಚು ಹಾಕಿಸಿದನು. ಇಂಗ್ಲಿಷರ ಆಳ್ವಿಕೆಯೊಂದಿಗೆ ಅದು ಇಲ್ಲಿಗೂ ಬಂದು ಮರದ ಅಂಗಳಗಳಲ್ಲಿ ನೆಲೆಸಿತು.

ಲೆಕ್ಕ ಹೀಗೆ: ದಿಮ್ಮಿಯ ನಡುಭಾಗದ ಸುತ್ತಳತೆಯನ್ನು ಅಳೆಯಿರಿ. ಅದನ್ನು ನಾಲ್ಕರಿಂದ ಭಾಗಿಸಿ. ಬಂದ ಸಂಖ್ಯೆಯನ್ನು ಅದರಿಂದಲೇ ಗುಣಿಸಿ. ಅದನ್ನು ಉದ್ದದಿಂದ ಗುಣಿಸಿ.

ಉದಾಹರಣೆ: ಒಂದು ಮಾವಿನ ದಿಮ್ಮಿಯ ಉದ್ದ 8 ಅಡಿ, ನಡುವಿನ ಸುತ್ತಳತೆ 6 ಅಡಿ ಎಂದು ಇಟ್ಟುಕೊಳ್ಳೋಣ. 6ನ್ನು 4ರಿಂದ ಭಾಗಿಸಿದರೆ 1.5. ಒಂದೂವರೆಯನ್ನು ಒಂದೂವರೆಯಿಂದ ಗುಣಿಸಿದರೆ 2.25. ಅದನ್ನು 8ರಿಂದ ಗುಣಿಸಿದರೆ 18. ದಿಮ್ಮಿಯಲ್ಲಿ 18 ಘನ ಅಡಿ ಮರ.

ಸುತ್ತಳತೆಯನ್ನು ಅಂಗುಲದಲ್ಲಿ ತೆಗೆದುಕೊಂಡರೆ ಸುಲಭವಾದ ಇನ್ನೊಂದು ದಾರಿಯಿದೆ. ಸುತ್ತಳತೆಯ ಅಂಗುಲಗಳನ್ನು ಅದರಿಂದಲೇ ಗುಣಿಸಿ, ಅಡಿಯಲ್ಲಿರುವ ಉದ್ದದಿಂದ ಗುಣಿಸಿ, 2304ರಿಂದ ಭಾಗಿಸಿ. 72 ಅಂಗುಲವನ್ನು 72ರಿಂದ ಗುಣಿಸಿದರೆ 5184. ಅದನ್ನು 8ರಿಂದ ಗುಣಿಸಿದರೆ 41472. ಅದನ್ನು 2304ರಿಂದ ಭಾಗಿಸಿದರೆ ಅದೇ 18. ಈ 2304 ಎಂಬ ಸಂಖ್ಯೆಯನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ.

4. ಅಳತೆಯಲ್ಲಿ ಎಲ್ಲೆಲ್ಲಿ ಸೋರುತ್ತದೆ?

ಲೆಕ್ಕ ಗೊತ್ತಾದ ಮೇಲೆ ಸೋರುವ ತಾವುಗಳನ್ನು ನೋಡೋಣ. ಇವು ನಾಲ್ಕು.

ಮೊದಲನೆಯದು, ಸುತ್ತಳತೆಯನ್ನು ಎಲ್ಲಿ ಹಿಡಿಯುತ್ತಾರೆ ಎಂಬುದು. ಮೇಲಿನ ದಿಮ್ಮಿಯ ಬುಡದಲ್ಲಿ 7 ಅಡಿ, ನಡುವೆ 6 ಅಡಿ, ತುದಿಯಲ್ಲಿ 5 ಅಡಿ ಇರುತ್ತದೆ ಎನ್ನೋಣ. ನಡುವೆ ಅಳೆದರೆ 18 ಘನ ಅಡಿ. ತುದಿಯಲ್ಲಿ ಅಳೆದರೆ 12.5 ಘನ ಅಡಿ ಮಾತ್ರ. ಟೇಪು ನಾಲ್ಕಡಿ ಆಚೆ ಸರಿದದ್ದಕ್ಕೆ ಐದೂವರೆ ಘನ ಅಡಿ ಹೋಯಿತು. ಲೆಕ್ಕಕ್ಕಾಗಿ ಅಡಿಗೆ 300 ರೂಪಾಯಿ ಎಂದು ಇಟ್ಟುಕೊಂಡರೂ ಒಂದೇ ದಿಮ್ಮಿಯಲ್ಲಿ 1650 ರೂಪಾಯಿ. ಆದುದರಿಂದ ಉದ್ದವನ್ನು ಮೊದಲು ಅಳೆದು, ಸರಿಯಾಗಿ ಅರ್ಧಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದು, ಗೆರೆಯ ಮೇಲೆಯೇ ಟೇಪು ಸುತ್ತಿಸಬೇಕು.

ಎರಡನೆಯದು, ಬಿಗಿಯಾಗಿ ಎಳೆದ ಟೇಪು ಮತ್ತು ಬಿಟ್ಟ ಅಂಗುಲ. 6 ಅಡಿಯ ಸುತ್ತಳತೆಯನ್ನು ಮೂರು ಅಂಗುಲ ಕಡಿಮೆ ಬರೆದರೆ ಮೂರು ಅಂಗುಲ ತಾನೇ ಎನ್ನಿಸುತ್ತದೆ. ಆದರೆ ಸಂಖ್ಯೆಯನ್ನು ಅದರಿಂದಲೇ ಗುಣಿಸುವುದರಿಂದ ನಷ್ಟವೂ ಬೆಳೆಯುತ್ತದೆ. 18ರ ಬದಲು 16.5 ಘನ ಅಡಿ ಬರುತ್ತದೆ. ಹಾಗೆಯೇ ಎಂಟೂವರೆ ಅಡಿಯ ಉದ್ದವನ್ನು ಎಂಟು ಎಂದು ಬರೆದರೆ ಇದೇ ದಪ್ಪದ ದಿಮ್ಮಿಯಲ್ಲಿ ಒಂದು ಘನ ಅಡಿಗೂ ಮೇಲೆ ಹೋಗುತ್ತದೆ. ಹನಿಗೂಡಿದರೆ ಹಳ್ಳ ಎಂಬುದು ನಷ್ಟಕ್ಕೂ ಸಲ್ಲುತ್ತದೆ.

ಮೂರನೆಯದು, ಎರಡು ಸಲ ಕಳೆಯುವುದು. ಇದನ್ನು ಎಲ್ಲರೂ ಗಮನವಿಟ್ಟು ತಿಳಿಯಬೇಕು. ಕಾಲು ಸುತ್ತಳತೆಯ ಲೆಕ್ಕ ದಿಮ್ಮಿಯ ಪೂರ್ತಿ ಗಾತ್ರವನ್ನು ತೋರಿಸುವುದಿಲ್ಲ. ದುಂಡು ದಿಮ್ಮಿಯ ನಿಜವಾದ ಗಾತ್ರ 100 ಎಂದಾದರೆ ಈ ಲೆಕ್ಕ 78.5 ಎಂದು ಮಾತ್ರ ತೋರಿಸುತ್ತದೆ. ನಮ್ಮ 18 ಘನ ಅಡಿಯ ದಿಮ್ಮಿಯಲ್ಲಿ ನಿಜವಾಗಿ ಸುಮಾರು 22.9 ಘನ ಅಡಿ ಮರವಿದೆ. ಕೊಯ್ಯುವಾಗ ಹೋಗುವ ಹೊರಚಕ್ಕೆಗೂ ಹೊಟ್ಟಿಗೂ ಎಂದು ಆ ಉಳಿದ ಭಾಗ ಮೊದಲೇ ಬಿಟ್ಟಂತಾಗಿದೆ. ಹೀಗಿರುವಾಗ ಲೆಕ್ಕ ಮುಗಿದ ಮೇಲೆ ಚಕ್ಕೆಗೆ ಇಷ್ಟು, ಹೊಟ್ಟಿಗೆ ಇಷ್ಟು ಎಂದು ಮತ್ತೆ ಕಳೆದರೆ ಒಂದೇ ನಷ್ಟವನ್ನು ರೈತ ಎರಡು ಸಲ ಹೊತ್ತಂತೆ. ತೊಗಟೆಗೆಂದು ಸ್ವಲ್ಪ ಕಳೆಯುವುದು ನ್ಯಾಯ. ಆದರೆ ಅಳೆಯುವ ಕಡೆ ತೊಗಟೆಯನ್ನು ಕೆತ್ತಿ ಅಳೆದರೆ ಅದಕ್ಕೂ ಅವಕಾಶವಿಲ್ಲ. ಟೊಳ್ಳಿದ್ದರೆ, ಕೊಳೆತಿದ್ದರೆ ಕಳೆಯಲಿ, ಕಣ್ಣಮುಂದೆ ತೋರಿಸಿ ಕಳೆಯಲಿ.

ನಾಲ್ಕನೆಯದು, ಉದ್ದ ದಿಮ್ಮಿಯನ್ನು ಕತ್ತರಿಸುವ ರೀತಿ. ಕಡಿಯುವವರು ಅವಸರಕ್ಕೆ ಎಲ್ಲೆಂದರಲ್ಲಿ ಕತ್ತರಿಸಿದರೆ ಒಳ್ಳೆಯ ನೆಟ್ಟಗಿನ ಭಾಗ ಸೌದೆಯ ರಾಶಿಗೆ ಸೇರುತ್ತದೆ. ಬಾಗಿಲಿನ ಚೌಕಟ್ಟಿಗೆ ಏಳಡಿ ಬೇಕು. ಆರೂವರೆ ಅಡಿಯ ತುಂಡು ಅದಕ್ಕಾಗದು. ಕಡಿಯುವ ಮುಂಚೆಯೇ ಯಾವ ಉದ್ದದ ದಿಮ್ಮಿಗೆ ಬೇಡಿಕೆಯಿದೆ ಎಂದು ಎರಡು ಸಾಮಿಲ್ಲುಗಳಲ್ಲಿ ಕೇಳಿ ಬನ್ನಿ. ಮರ ಬಿದ್ದ ಮೇಲೆ ಗುರುತು ಹಾಕಿ ಕತ್ತರಿಸಿ.

ತೂಕದ ಲೆಕ್ಕದಲ್ಲಿ ಮಾರುವ ಮರಕ್ಕೂ ಒಂದು ಮಾತು. ಸೌದೆ, ನೀಲಗಿರಿ, ಸರ್ವೆ ಮುಂತಾದವು ಟನ್ನಿನ ಲೆಕ್ಕದಲ್ಲಿ ಹೋಗುತ್ತವೆ. ಹಸಿಮರದಲ್ಲಿ ನೀರಿನ ಭಾರ ಬಹಳ. ಕಡಿದ ದಿನ 1000 ಕಿಲೋ ತೂಗಿದ ಮರದಲ್ಲಿ 400 ಕಿಲೋ ನೀರಿದ್ದರೆ, ಚೆನ್ನಾಗಿ ಒಣಗಿದಾಗ ಅದು 700 ಕಿಲೋದ ಆಸುಪಾಸಿಗೆ ಇಳಿಯುತ್ತದೆ. ಹಸಿ ತೂಕಕ್ಕೆಂದು ಬೆಲೆ ಮಾತಾಡಿ, ಲಾರಿ ಇಂದು ಬರುತ್ತದೆ ನಾಳೆ ಬರುತ್ತದೆ ಎಂದು ಹದಿನೈದು ದಿನ ಬಿಸಿಲಿನಲ್ಲಿ ಬಿಟ್ಟರೆ ಪ್ರತಿದಿನವೂ ನಿಮ್ಮ ಹಣ ಆವಿಯಾಗುತ್ತಿರುತ್ತದೆ. ಲಾರಿಯ ದಿನ ಗೊತ್ತಾದ ಮೇಲೆಯೇ ಕೊಡಲಿ ಹಾಕಿ.

5. ಕಡಿಯುವ ಮುನ್ನ ಕಾನೂನು

ಹೊಲ ನನ್ನದು, ಮರ ನನ್ನದು, ಕೇಳುವವರು ಯಾರು ಎಂದು ಕಡಿದು, ದಾರಿಯಲ್ಲಿ ಗಾಡಿ ಸಮೇತ ಸಿಕ್ಕಿಬಿದ್ದು, ಮರದ ಬೆಲೆಗಿಂತ ಹೆಚ್ಚು ಅಲೆದಾಟಕ್ಕೆ ಖರ್ಚು ಮಾಡುವವರುಂಟು. ಕರ್ನಾಟಕ ಅರಣ್ಯ ಕಾಯಿದೆ 1963ರದು, ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ 1976ರದು. ಎರಡನೆಯ ಕಾಯಿದೆಯಂತೆ ಮರ ಕಡಿಯುವ ಮುನ್ನ ವೃಕ್ಷಾಧಿಕಾರಿಯ ಅಪ್ಪಣೆ ಪಡೆಯಬೇಕು. ಅಪ್ಪಣೆ ಕೊಡುವಾಗ ಬದಲಿ ಗಿಡ ನೆಡಬೇಕೆಂಬ ಷರತ್ತು ಹಾಕುವ ಅಧಿಕಾರವೂ ಅವರಿಗೆ ಇದೆ. ನೀಲಗಿರಿ, ಸರ್ವೆ, ತೆಂಗು, ಸಿಲ್ವರ್ ಓಕ್, ಸುಬಾಬುಲ್, ರಬ್ಬರ್ ಮುಂತಾದ ಕೆಲವು ಜಾತಿಗಳಿಗೆ ಕಾಯಿದೆಯಲ್ಲಿಯೇ ವಿನಾಯಿತಿ ಇದೆ. ಈ ಪಟ್ಟಿ ಆಗಾಗ್ಗೆ ತಿದ್ದುಪಡಿಯಾಗುವುದರಿಂದ ನಿಮ್ಮ ಮರದ ವಿಷಯವನ್ನು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು.

ಕಡಿಯುವುದು ಒಂದು, ಸಾಗಿಸುವುದು ಇನ್ನೊಂದು. ವಿನಾಯಿತಿ ಇಲ್ಲದ ಮರವನ್ನು ರಸ್ತೆಗೆ ತರಲು ಸಾಗಾಣಿಕೆಯ ರಹದಾರಿ ಬೇಕು. ಪಹಣಿ, ಸರ್ವೆ ನಂಬರಿನ ನಕ್ಷೆ, ಮರಗಳ ಸಂಖ್ಯೆ ಮತ್ತು ಸುತ್ತಳತೆಯ ಪಟ್ಟಿ ಇವನ್ನು ಸಿದ್ಧಮಾಡಿಕೊಂಡು ಹೋದರೆ ಕೆಲಸ ಬೇಗ ಆಗುತ್ತದೆ. ಸರ್ಕಾರದಿಂದ ಮಂಜೂರಾದ ಜಮೀನಾದರೆ ಬೆಲೆಬಾಳುವ ಕೆಲವು ಮರಗಳ ಹಕ್ಕು ಸರ್ಕಾರದಲ್ಲಿಯೇ ಉಳಿದಿರಬಹುದು. ಮಂಜೂರಾತಿ ಪತ್ರವನ್ನು ಓದಿಸಿ ನೋಡಿ.

ಕಾನೂನಿನ ಕೆಲಸವನ್ನೆಲ್ಲ ನಾನೇ ನೋಡಿಕೊಳ್ಳುತ್ತೇನೆ ಎಂದು ಕೊಳ್ಳುವವರು ಹೇಳಿ, ಅದರ ನೆಪದಲ್ಲಿ ಬೆಲೆ ಇಳಿಸುವುದು ವಾಡಿಕೆ. ಅಪ್ಪಣೆಯ ಕಾಗದ ರೈತನ ಕೈಯಲ್ಲೇ ಇದ್ದರೆ ಆ ನೆಪ ಇರುವುದಿಲ್ಲ. ಒಬ್ಬರ ಬದಲು ಮೂವರು ಕೊಳ್ಳುವವರನ್ನು ಕರೆಯುವ ಧೈರ್ಯವೂ ಬರುತ್ತದೆ.

ಸಾಮಿಲ್ಲಿಗೂ ಕಾನೂನಿದೆ. ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಕಾಡುಗಳ ರಕ್ಷಣೆಗೆ ಹೊರಡಿಸಿದ ಆಜ್ಞೆಯಿಂದ ದೇಶದ ಮರದ ಉದ್ಯಮವೇ ಬದಲಾಯಿತು. 2002ರಲ್ಲಿ, ಕೇಂದ್ರ ಉನ್ನತಾಧಿಕಾರ ಸಮಿತಿಯ ಅಪ್ಪಣೆಯಿಲ್ಲದೆ ಹೊಸ ಸಾಮಿಲ್ಲು, ಪ್ಲೈವುಡ್ ಕಾರ್ಖಾನೆಗಳನ್ನು ತೆರೆಯಬಾರದೆಂದು ಕೋರ್ಟು ಹೇಳಿತು. 2016ರಲ್ಲಿ ಕೇಂದ್ರ ಸರ್ಕಾರ ಮರ ಆಧಾರಿತ ಉದ್ಯಮಗಳಿಗೆ ಮಾರ್ಗಸೂಚಿ ಹೊರಡಿಸಿ, ರಾಜ್ಯಮಟ್ಟದ ಸಮಿತಿಗಳಿಗೆ ಪರಿಶೀಲನೆಯ ಕೆಲಸ ವಹಿಸಿತು. ಎಷ್ಟು ಮರ ನ್ಯಾಯವಾಗಿ ಸಿಗುತ್ತದೆಯೋ ಅಷ್ಟಕ್ಕೆ ತಕ್ಕಂತೆ ಗರಗಸಗಳಿರಬೇಕು ಎಂಬುದು ಇದರ ತತ್ವ. ಗರಗಸಕ್ಕೆ ಹಸಿವಾದರೆ ಅದು ಕಾಡಿನ ಕಡೆಗೆ ನೋಡುತ್ತದೆ. ಹೊಲದಲ್ಲಿ ಮರ ಹೆಚ್ಚಾದಷ್ಟೂ ಕಾಡು ಉಳಿಯುತ್ತದೆ, ಸಾಮಿಲ್ಲಿನ ಕೂಲಿಯೂ ಉಳಿಯುತ್ತದೆ. ಪರವಾನಗಿ ಇರುವ ಸಾಮಿಲ್ಲಿಗೇ ಮಾರಿ, ಅಲ್ಲಿಯೇ ಕೊಯ್ಯಿಸಿ, ರಸೀದಿ ಪಡೆಯಿರಿ. ಕಾಡಿನ ಕಳ್ಳಮರ ಅಗ್ಗವಾಗಿ ಬಂದು ಬೀಳುವ ಕಡೆ ನ್ಯಾಯದ ಮರಕ್ಕೆ ಬೆಲೆ ಬಾರದು. ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆ ನಮ್ಮವರಿಗೇ ಅನ್ವಯಿಸದಿರಲಿ.

6. ಆಲೆ ಮರ ಮತ್ತು ಚನ್ನಪಟ್ಟಣದ ಗೊಂಬೆ

ಚನ್ನಪಟ್ಟಣದ ಅರಗಿನ ಗೊಂಬೆಗಳು ದೇಶವಿದೇಶಗಳಲ್ಲಿ ಹೆಸರಾಗಿವೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಿಗಳಿಂದ ಈ ಕಲೆ ಇಲ್ಲಿಗೆ ಬಂತೆಂದು ಪ್ರತೀತಿ. ಈ ಗೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಅಂದರೆ ಬೇರೆ ಊರಿನ ಸಾಮಾನನ್ನು ಚನ್ನಪಟ್ಟಣದ್ದೆಂದು ಮಾರುವಂತಿಲ್ಲ.

ಈ ಗೊಂಬೆಯ ಮೂಲ ಆಲೆ ಮರ. ಕೆಲವೆಡೆ ಹಾಲೆ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ರೈಟಿಯಾ ಟಿಂಕ್ಟೋರಿಯಾ. ಎಲೆ ಕಿತ್ತರೆ ಹಾಲು ಬರುತ್ತದೆ, ಹೂವು ಬಿಳಿ, ಕಾಯಿಗಳು ಜೋಡಿ ಜೋಡಿಯಾಗಿ ಉದ್ದಕ್ಕೆ ಜೋತಾಡುತ್ತವೆ. ಮರ ದಂತದಂತೆ ಬೆಳ್ಳಗೆ, ನಯವಾಗಿ, ಒತ್ತಾದ ಎಳೆಯದಾಗಿರುವುದರಿಂದ ಕಡೆಯುವ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಒಣಗಿಸಿದ ಮರವನ್ನು ಗರಗಸದಲ್ಲಿ ತುಂಡುಮಾಡಿ, ಚರಕಿಗೆ ಸಿಕ್ಕಿಸಿ ತಿರುಗಿಸುತ್ತಾ ಉಳಿಯಿಂದ ಕಡೆಯುತ್ತಾರೆ. ತಿರುಗುವ ಗೊಂಬೆಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಆಮೇಲೆ ಗರಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಮಗು ಬಾಯಿಗಿಟ್ಟರೂ ಕೆಡುಕಿಲ್ಲದ ಬಣ್ಣ ಬಳಸುವುದು ಈ ಕಲೆಯ ಹೆಮ್ಮೆ.

ಈಗ ಆಲೆ ಮರ ಹಿಂದಿನಷ್ಟು ಸುಲಭವಾಗಿ ಸಿಗದು. ಕುಶಲಕರ್ಮಿಗಳು ರಬ್ಬರ್ ಮುಂತಾದ ಮರಗಳನ್ನೂ ಬಳಸುತ್ತಾರೆ. ಊರ ಹೆಸರಿನ ಗೊಂಬೆಗೆ ಹೊರಗಿನ ಮರವೇ ಗತಿಯಾದರೆ ಅದರ ಖರ್ಚನ್ನು ಹೊರುವವರು ಚರಕಿಯ ಮುಂದೆ ಕುಳಿತವರು. ಅವರಲ್ಲಿ ಹೆಂಗಸರೂ ಅನೇಕರು. ನಮ್ಮ ರೈತರು ಮನಸ್ಸು ಮಾಡಬೇಕಾದದ್ದು ಇಲ್ಲಿಯೇ. ಆಲೆ ನಮ್ಮ ಒಣನೆಲದ್ದೇ ಮರ. ಕಲ್ಲುಭೂಮಿಯಲ್ಲಿಯೂ ನಿಲ್ಲುತ್ತದೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಗೊಂಬೆಗೆ ದೊಡ್ಡ ದಿಮ್ಮಿ ಬೇಕಿಲ್ಲ, ತೆಳ್ಳಗಿನ ಮರವೂ ಸಾಕು. ಬೆಳವಣಿಗೆ ನಿಧಾನ ಎಂಬುದು ನಿಜ. ಆದುದರಿಂದ ಅದನ್ನು ಬೆಳೆಯ ಜಾಗದಲ್ಲಿ ನೆಡದೆ, ಬದುವಿನಲ್ಲಿ, ಬೇಲಿಸಾಲಿನಲ್ಲಿ, ಗುಂಡುತೋಪಿನಲ್ಲಿ ನೆಡಬೇಕು. ಕಾಯಿ ಒಡೆದು ಬೀಜದ ಹತ್ತಿ ಗಾಳಿಗೆ ಹಾರುವ ಮುನ್ನ ಕಾಯಿಗಳನ್ನು ಬಿಡಿಸಿ, ನೆರಳಿನಲ್ಲಿ ಒಣಗಿಸಿ ಬೀಜ ತೆಗೆಯಬೇಕು.

7. ಹಲಗೆಗೆ ತಕ್ಕ ಮರ ಬೆಳೆಸುವುದು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಸಾಮಿಲ್ಲಿನವರು ಕೊಡುವ ಬೆಲೆ ಗಿಡ ನೆಟ್ಟ ಮೊದಲ ಐದು ವರ್ಷಗಳಲ್ಲಿಯೇ ನಿಶ್ಚಯವಾಗುತ್ತದೆ. ಬುಡದ ಎಂಟು ಹತ್ತು ಅಡಿ ನೆಟ್ಟಗಿದ್ದು ಗಂಟಿಲ್ಲದಿದ್ದರೆ ಅದೇ ಬೆಲೆಯ ಭಾಗ. ಪಕ್ಕದ ರೆಂಬೆಗಳನ್ನು ಹೆಬ್ಬೆರಳಿನ ದಪ್ಪವಾಗುವ ಮೊದಲೇ ಹರಿತವಾದ ಕತ್ತಿಯಿಂದ ಅಥವಾ ಗರಗಸದಿಂದ ಕಾಂಡಕ್ಕೆ ಹತ್ತಿರವಾಗಿ ತೆಗೆಯಬೇಕು. ಒಮ್ಮೆಗೇ ಎಲ್ಲವನ್ನೂ ಬೋಳಿಸಬಾರದು. ಮೇಲಿನ ಅರ್ಧ ಎಲೆ ಉಳಿಯಲೇಬೇಕು. ಕುರಿಗೆ ಸೊಪ್ಪು ಬೇಕೆಂದು ಎಳೆದು ಸೀಳಿದ ರೆಂಬೆಯ ಗಾಯದಿಂದ ಕೊಳೆ ಒಳಗಿಳಿದು ಇಪ್ಪತ್ತು ವರ್ಷದ ಮೇಲೆ ಟೊಳ್ಳಾಗಿ ಕಾಣಿಸಿಕೊಳ್ಳುತ್ತದೆ.

ಗಿಡಗಳನ್ನು ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಿಂದ ಪಡೆಯಬಹುದು. 2011-12ರಲ್ಲಿ ಆರಂಭವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ನೆಟ್ಟು ಬದುಕಿಸಿಕೊಂಡ ಗಿಡಗಳ ಲೆಕ್ಕದ ಮೇಲೆ ರೈತನಿಗೆ ಮೂರು ವರ್ಷ ಹಣ ಕೊಡುವ ಕ್ರಮ ಬಂತು. ನೆಟ್ಟದ್ದಕ್ಕಲ್ಲ, ಉಳಿಸಿದ್ದಕ್ಕೆ ಹಣ ಎಂಬುದೇ ಇದರ ಒಳ್ಳೆಯ ಗುಣ. ಈ ವರ್ಷದ ದರ ಮತ್ತು ಅರ್ಜಿಯ ಕಾಲವನ್ನು ಮುಂಗಾರಿಗೆ ಮೊದಲೇ ವಲಯ ಕಚೇರಿಯಲ್ಲಿ ಕೇಳಿ. ಗಿಡ ನೆಟ್ಟ ವರ್ಷ, ಜಾತಿ, ಸಂಖ್ಯೆಯನ್ನು ಪಹಣಿಯಲ್ಲಿ ಬರೆಯಿಸಿದರೆ ಮುಂದೆ ಅಪ್ಪಣೆ ಕೇಳುವಾಗ ಮರ ನಿಮ್ಮದೆನ್ನಲು ಸಾಕ್ಷಿ.

ಸ್ವಂತಕ್ಕೆ ಕೊಯ್ಯಿಸಿದ ಹಲಗೆಯನ್ನು ಒಣಗಿಸುವುದೂ ಒಂದು ವಿದ್ಯೆ. ಕೊಯ್ದ ಹಲಗೆಗಳನ್ನು ಗೋಡೆಗೆ ಒರಗಿಸಿದರೆ ಸೊಟ್ಟಗಾಗುತ್ತವೆ. ನೆಲದಿಂದ ಒಂದಡಿ ಎತ್ತರಕ್ಕೆ ಕಲ್ಲಿಟ್ಟು, ಹಲಗೆಗೂ ಹಲಗೆಗೂ ನಡುವೆ ಒಂದೇ ದಪ್ಪದ ಒಣ ಪಟ್ಟಿಗಳನ್ನು ಎರಡೆರಡಡಿಗೆ ಒಂದರಂತೆ, ಒಂದರ ನೇರಕ್ಕೆ ಇನ್ನೊಂದು ಬರುವಂತೆ ಇಟ್ಟು, ನೆರಳಿನಲ್ಲಿ ಗಾಳಿಯಾಡುವಂತೆ ಪೇರಿಸಬೇಕು. ಮೇಲೆ ಭಾರ ಹೇರಬೇಕು. ದಿಮ್ಮಿಯ ಮತ್ತು ಹಲಗೆಯ ತುದಿಗಳಿಗೆ ಬಣ್ಣ ಅಥವಾ ಮೇಣ ಬಳಿದರೆ ಸೀಳುವುದು ಕಡಿಮೆ. ಮಾವು, ರಬ್ಬರಿನಂಥ ಬಿಳಿಮರಕ್ಕೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಹಿಡಿಸಿದರೆ ಹುಳು ತಡೆಯುತ್ತದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಇದರ ತಿಳಿವಳಿಕೆ ಸಿಗುತ್ತದೆ. ಅದು 1938ರಲ್ಲಿ ಅರಣ್ಯ ಸಂಶೋಧನಾಲಯವಾಗಿ ಆರಂಭವಾಗಿ 1988ರಲ್ಲಿ ಈಗಿನ ಹೆಸರು ಪಡೆಯಿತು.

8. ಚಕ್ಕೆ, ಹೊಟ್ಟು ಮತ್ತು ಕೆಲಸಗಾರ

ಸಾಮಿಲ್ಲಿನ ಹೊರಚಕ್ಕೆ ನಮ್ಮ ಸೀಮೆಯಲ್ಲಿ ದಂಡವಾಗುವುದಿಲ್ಲ. ಗೂಡು ಬೇಯಿಸಿ ರೇಷ್ಮೆ ನೂಲು ಬಿಚ್ಚುವವರಿಗೆ ಅದು ಒಲೆಯ ಸೌದೆ. ಹೀಗೆ ಹಿಪ್ಪುನೇರಳೆ ಬೆಳೆಯುವವನಿಗೂ ಮರ ಬೆಳೆಯುವವನಿಗೂ ಒಳಗಿಂದೊಳಗೆ ನಂಟಿದೆ. ಹೊಟ್ಟನ್ನು ಕೊಟ್ಟಿಗೆಯಲ್ಲಿ ದನದ ಕೆಳಗೆ ಹಾಸಿದರೆ ಗಂಜಲವನ್ನು ಚೆನ್ನಾಗಿ ಹೀರುತ್ತದೆ. ಆದರೆ ಹಸಿ ಹೊಟ್ಟನ್ನು ನೇರವಾಗಿ ಹೊಲಕ್ಕೆ ಹಾಕಬಾರದು. ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಎಳೆದುಕೊಂಡು ಪೈರು ಹಳದಿಯಾಗುತ್ತದೆ. ಗಂಜಲ ಕುಡಿದ ಹೊಟ್ಟನ್ನು ಸಗಣಿಯೊಂದಿಗೆ ತಿಪ್ಪೆಯಲ್ಲಿ ಚೆನ್ನಾಗಿ ಕಳಿಸಿ ಹಾಕಬೇಕು.

ಸಾಮಿಲ್ಲಿನಲ್ಲಿ ದುಡಿಯುವವರು ನಮ್ಮ ಹಳ್ಳಿಗಳ ಮಕ್ಕಳೇ. ಮರದ ಧೂಳನ್ನು ವರ್ಷಗಟ್ಟಲೆ ಸೇವಿಸಿದರೆ ಉಬ್ಬಸ ಬರುವುದುಂಟು. ಅದು ಕ್ಯಾನ್ಸರಿಗೂ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲಿಯೇ ಹೇಳಿದೆ. ಮೂಗಿಗೆ ಮುಸುಕು, ಕಣ್ಣಿಗೆ ಕನ್ನಡಕ, ಗರಗಸಕ್ಕೆ ರಕ್ಷಣೆಯ ಕವಚ ಇರಲೇಬೇಕು. ಸಡಿಲವಾದ ಪಂಚೆ, ತೂಗಾಡುವ ಟವೆಲು ಗರಗಸದ ಹತ್ತಿರ ಸಲ್ಲದು. ಮರ ಕೊಯ್ಯಿಸಲು ಹೋದಾಗ ಮಕ್ಕಳನ್ನು ಒಳಗೆ ಕರೆದೊಯ್ಯಬೇಡಿ.

9. ನೆನಪಿಡಬೇಕಾದ ಮಾತುಗಳು

ಉಕ್ತೆಗೆ ಮಾರಬೇಡಿ, ಅಳೆದು ಮಾರಿ. ದಿಮ್ಮಿಯ ನಡುವೆ ಗೆರೆ ಎಳೆದು ಸುತ್ತಳತೆ ಹಿಡಿಯಿರಿ. ಚಕ್ಕೆಗೆಂದು ಎರಡನೆಯ ಸಲ ಕಳೆಯಲು ಒಪ್ಪಬೇಡಿ. ಅಪ್ಪಣೆಯ ಕಾಗದ ಮೊದಲು, ಕೊಡಲಿ ಆಮೇಲೆ. ಮೂರು ಕಡೆ ಬೆಲೆ ಕೇಳಿ. ಒಂದು ಮರ ಕಡಿದವರು ಉಳಿಯುವಂತೆ ಎರಡು ಗಿಡ ನೆಡಿ.

ಒಬ್ಬೊಬ್ಬರೇ ಎರಡು ಮೂರು ಮರ ಮಾರಿದರೆ ಲಾರಿಯ ಬಾಡಿಗೆಯೇ ಬೆಲೆಯನ್ನು ತಿನ್ನುತ್ತದೆ. ಊರಿನ ನಾಲ್ಕಾರು ಮನೆಯವರು ಕೂಡಿ ಒಂದೇ ಸಲ ಮಾರಿದರೆ ಒಂದು ಲಾರಿಯ ಲೋಡು ತುಂಬುತ್ತದೆ, ಕೊಳ್ಳುವವರೇ ಊರಿಗೆ ಬರುತ್ತಾರೆ. ಹಾಲಿಗೆ ಸಂಘ ಕಟ್ಟಿದ ನಮಗೆ ಮರಕ್ಕೆ ಒಂದು ಅಳತೆಯ ಟೇಪು, ಒಂದು ಲೆಕ್ಕದ ಪುಸ್ತಕ ಇಟ್ಟುಕೊಳ್ಳುವುದು ಕಷ್ಟವಲ್ಲ.

ಊರಿನಲ್ಲಿ ಕುಳಿತು ಚರ್ಚಿಸಲು ಪ್ರಶ್ನೆಗಳು:

ಅ) 10 ಅಡಿ ಉದ್ದ, ನಡುವೆ 4 ಅಡಿ ಸುತ್ತಳತೆಯ ಬೇವಿನ ದಿಮ್ಮಿಯಲ್ಲಿ ಎಷ್ಟು ಘನ ಅಡಿ ಮರವಿದೆ? (ಉತ್ತರ: 10 ಘನ ಅಡಿ. ನಿಜವಾದ ಗಾತ್ರ ಸುಮಾರು 12.7 ಘನ ಅಡಿ.)

ಆ) ನಮ್ಮ ಊರಿನ ಬದುಗಳಲ್ಲಿ ಈಗ ಯಾವ ಯಾವ ಮರ ಎಷ್ಟೆಷ್ಟಿವೆ? ಇನ್ನು ಹತ್ತು ವರ್ಷಕ್ಕೆ ಕೊಯ್ಲಿಗೆ ಬರುವುದು ಯಾವುದು?

ಇ) ಗುಂಡುತೋಪಿನಲ್ಲಿ ಈ ಮುಂಗಾರಿಗೆ ಒಂದು ಸಾಲು ಆಲೆ ಗಿಡ ನೆಡಲು ಜಾಗವಿದೆಯೇ? ಮೊದಲ ಮೂರು ಬೇಸಿಗೆ ನೀರು ಹಾಕುವವರು ಯಾರು?

ಮೂರನೆಯ ಪ್ರಶ್ನೆಗೆ ಹೆಸರು ಹಿಡಿದು ಉತ್ತರ ಬರೆದ ಮೇಲೆಯೇ ಸಭೆ ಮುಗಿಸಿ.